ಹಳೆ ಕೇಮನ್ನಾ, ಹೊಸದಾ?

ಗೆಳೆಯರೇ, ಸೆಕೆಂಡ್ ಹ್ಯಾಂಡ್ ಪೋರ್ಷೆ ಕೇಮನ್ ಸ್ಪೋರ್ಟ್ಸ್ ಕಾರ್ ಬಗ್ಗೆ ತುಂಬಾ ಜನ ಕೇಳುತ್ತಿದ್ದೀರಿ. ಎಲ್ಲರಿಗೂ ಸೇರಿ ಇಲ್ಲೇ ಬರೆಯುತ್ತಿದ್ದೇನೆ.

987, 981, 718 ಎಂದರೆ ಕೇಮನ್‌ನ ಮೂರು ತಲೆಮಾರುಗಳ ಹೆಸರು. ಹಳೆ 987ರ ಸ್ಟೀರಿಂಗ್ ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದ ನೆರವಿನದ್ದು. ನಮ್ಮ ಚಿಕ್ಕಮಗಳೂರಿನ ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹತ್ತುವಾಗ ರಸ್ತೆಯ ಉಬ್ಬುತಗ್ಗು ಕೈಗೇ ಗೊತ್ತಾಗುತ್ತದೆ. 2013ರ ಹೊತ್ತಿಗೆ ಬಂದ 981ರದ್ದು ಎಲೆಕ್ಟ್ರಿಕ್. ಒಳಗೆಲ್ಲ ಅಚ್ಚುಕಟ್ಟು, ಆದರೆ ಆ ಮಜಾ ಸ್ವಲ್ಪ ಕಮ್ಮಿ. 2016ರ 718ಕ್ಕೆ ನಾಲ್ಕು ಸಿಲಿಂಡರ್ ಟರ್ಬೊ ಬಂತು. ಎಳೆತ ಜಾಸ್ತಿ, ಸದ್ದು ಮಾತ್ರ ನನಗಂತೂ ಹಿಡಿಸಿಲ್ಲ.

987 ತಗೊಳ್ಳುವುದಾದರೆ 2009ರ ಮಾಡೆಲ್‌ನಿಂದ ಈಚಿನದ್ದೇ ನೋಡಿ. ಅದಕ್ಕೂ ಮೊದಲಿನ ಎಂಜಿನ್‌ನಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟ್ ಬೇರಿಂಗ್ (ಎಂಜಿನ್ ಒಳಗೆ ತಿರುಗುವ ಒಂದು ದಂಡಕ್ಕೆ ಆಸರೆಯಾದ ಬೇರಿಂಗ್) ಇದೆ. ಎಲ್ಲದರಲ್ಲೂ ತೊಂದರೆ ಬರುವುದಿಲ್ಲ, ಆದರೆ ಅದು ಕೈಕೊಟ್ಟರೆ ಎಂಜಿನ್ನೇ ಹೋಗಬಹುದು. ಹೊಸ ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ.

ನಮ್ಮ ಕಡೆ ಓಡಿದ ಗಾಡಿಯಾದರೆ ಮುಂದಿನ ಬಂಪರ್‌ನ ಗಾಳಿಕಿಂಡಿಗೆ ಟಾರ್ಚ್ ಬಿಟ್ಟು ನೋಡಿ. ಸಿಲ್ವರ್ ಓಕ್ ಎಲೆ ಒಳಗೆ ಸೇರಿ, ಮಳೆಗಾಲ ಪೂರ್ತಿ ಒದ್ದೆಯಾಗೇ ಕೂತು, ರೇಡಿಯೇಟರ್, ಎಸಿ ಕಂಡೆನ್ಸರ್ ಎರಡನ್ನೂ ತಿಂದಿರಬಹುದು. ಮೇಲೆ ಪಾಲಿಶ್ ಹೊಡೆದು ಮಿಂಚಿಸಿರುತ್ತಾರೆ, ಅಲ್ವಾ?

15 ವರ್ಷ ದಾಟಿದ್ದರೆ ಆರ್‌ಸಿ ನವೀಕರಣ ಆಗಿದೆಯಾ ಕೇಳಿ. ಬೇರೆ ರಾಜ್ಯದ ನಂಬರ್ ಆದರೆ ಎನ್‌ಒಸಿ, ಇಲ್ಲಿನ ಟ್ಯಾಕ್ಸ್ ಲೆಕ್ಕ ಹಾಕಿಕೊಂಡೇ ಚೌಕಾಸಿಗೆ ಇಳಿಯಿರಿ. ತೋಟದ ಮನೆಗೆ ಮಣ್ಣು ರಸ್ತೆ ಇರುವವರಿಗೆ ಇದ್ಯಾವುದೂ ಬೇಡ, ಜೀಪೇ ಸರಿ.