ಮಗಳಿಗೊಂದು ಪತ್ರ: ಗಲ್ಲಾಪೆಟ್ಟಿಗೆಯಲ್ಲಿರುವುದೆಲ್ಲ ನಮ್ಮದಲ್ಲ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು “ಅಪ್ಪಾ, ಒಂದು ಪೊಟ್ಟಣಕ್ಕೆ 45 ರೂಪಾಯಿ ಉಳಿಯುತ್ತದೆ” ಎಂದಾಗ ನನಗೂ ಹಿಗ್ಗಾಯಿತು. ಆದರೆ ರಾತ್ರಿ ನಿದ್ದೆ ಹತ್ತಲಿಲ್ಲ. ಎದ್ದು ಹಾಳೆ, ಪೆನ್ನು ಹಿಡಿದು ಕುಳಿತೆ.

ಕಾಲು ಕಿಲೋ ಶೇಂಗಾ ಚಟ್ನಿಪುಡಿಗೆ ನೀನು ಇಟ್ಟ ಬೆಲೆ 100. ಶೇಂಗಾ, ಬೆಳ್ಳುಳ್ಳಿ, ಖಾರದಪುಡಿ, ಜೀರಿಗೆ, ಉಪ್ಪು ಸೇರಿ 55. ನಿನ್ನ ಲೆಕ್ಕ ಅಲ್ಲಿಗೇ ನಿಂತಿದೆ. ಚೀಲಕ್ಕೂ ಚೀಟಿಗೂ 6, ಗ್ಯಾಸು, ಕರೆಂಟಿಗೆ 4. ಹುರಿದು ಸಿಪ್ಪೆ ತೆಗೆಯಲು ಬರುವ ಅಕ್ಕನ ಕೂಲಿ 480. ಆ ದಿನ ಆಗುವುದು 40 ಪೊಟ್ಟಣ, ಅಂದರೆ ತಲಾ 12. ಅಂಗಡಿಯವರು ಹಿಡಿದುಕೊಳ್ಳುವ ಕಮಿಷನ್ 10. ಎಲ್ಲ ಕೂಡಿದರೆ 87. ಉಳಿಯುವುದು 13 ರೂಪಾಯಿ, ಮಗಳೇ. ಮೆತ್ತಗಾಗಿ ವಾಪಸು ಬಂದ ಪೊಟ್ಟಣಗಳನ್ನು ನಾನಿನ್ನೂ ಕಳೆದಿಲ್ಲ. ಬೆಳಗಿನಿಂದ ಒಲೆಯ ಮುಂದೆ ನಿಲ್ಲುವ ನಿನ್ನ ಕೂಲಿಯನ್ನಂತೂ ಹಿಡಿದೇ ಇಲ್ಲ.

ನಾನು ಇಷ್ಟು ಹಟ ಹಿಡಿದು ಹೇಳುವುದಕ್ಕೆ ಕಾರಣವಿದೆ. ಗದಗಿನಲ್ಲಿ ಬಟ್ಟೆ ಅಂಗಡಿ ಇಟ್ಟ ಮೊದಲ ಐದು ವರ್ಷ ನಾನು ಕಿರ್ದಿ, ಅಂದರೆ ದಿನದಿನದ ಜಮಾ–ಖರ್ಚಿನ ಲೆಕ್ಕ, ಬರೆಯಲಿಲ್ಲ. ದೀಪಾವಳಿಗೆ ಕೆಂಪು ರಟ್ಟಿನ ಖಾತೆ ಪುಸ್ತಕ ತಂದು, ಮೊದಲ ಪುಟಕ್ಕೆ ಶ್ರೀಕಾರ ಬರೆದು, ಅರಿಸಿನ ಕುಂಕುಮ ಏರಿಸಿ ಪೂಜೆ ಮಾಡುತ್ತಿದ್ದೆ. ಮರುದಿನದಿಂದ ಅದು ಕಪಾಟು ಸೇರುತ್ತಿತ್ತು. ಸಂಜೆಯ ಹೊತ್ತಿಗೆ ಗಲ್ಲಾಪೆಟ್ಟಿಗೆ ತುಂಬಿರುತ್ತಿತ್ತು, ಹಾಗಾಗಿ ವ್ಯಾಪಾರ ಚೆನ್ನಾಗಿದೆ ಎಂದೇ ನಂಬಿದ್ದೆ. ಮನೆಯ ಕಿರಾಣಿ, ನಿನ್ನ ಶಾಲೆಯ ಫೀ, ನೆಂಟರ ಮದುವೆಯ ಮುಯ್ಯಿ ಎಲ್ಲವೂ ಅದರಿಂದಲೇ. ಒಂದು ದಿನ ಸಗಟು ವ್ಯಾಪಾರಿ ಮೂರು ತಿಂಗಳ ಬಾಕಿ ಕೇಳಲು ಬಂದು ಕುಳಿತರು. ಪೆಟ್ಟಿಗೆಯಲ್ಲಿ ಅಷ್ಟು ದಿನ ತುಂಬಿದ್ದು ಅವರ ಹಣ ಎಂದು ಆಗ ತಿಳಿಯಿತು. ಊರ ತುಂಬ ಉದ್ರಿ ಕೊಟ್ಟಿದ್ದೆ, ಯಾರಿಗೆ ಎಷ್ಟೆಂದು ಬರೆದಿರಲಿಲ್ಲ. ಕೇಳಲು ಹೋದರೆ “ಆವತ್ತೇ ಕೊಟ್ಟೆನಲ್ಲ” ಎಂದರು. ಕೊಟ್ಟಿರಲೂಬಹುದು, ನನ್ನ ಬಳಿ ತೋರಿಸಲು ಏನಿತ್ತು? ಕೊನೆಗೆ ನಿನ್ನ ಅಮ್ಮ ಪಾಟಲಿ ಬಿಚ್ಚಿಕೊಟ್ಟಳು. ಸಾಬೂನಿನ ನೊರೆ ಹಚ್ಚಿ ಎಳೆದು ತೆಗೆದ ಆ ಕೈ ಕೆಂಪಾಗಿದ್ದದ್ದು ಇಂದಿಗೂ ಕಣ್ಣ ಮುಂದಿದೆ.

ಆ ರಾತ್ರಿಯಿಂದ ಒಂದು ದಿನವೂ ಜಮಾ–ಖರ್ಚು ಬರೆಯದೆ ಮಲಗಿಲ್ಲ. ಹತ್ತು ನಿಮಿಷದ ಕೆಲಸ. ಪುಸ್ತಕದ ಶಿಲ್ಕಿಗೂ, ಅಂದರೆ ಖರ್ಚು ಕಳೆದು ಉಳಿದ ಮೊತ್ತಕ್ಕೂ, ಪೆಟ್ಟಿಗೆಯ ಹಣಕ್ಕೂ ತಾಳೆಯಾಗದಿದ್ದರೆ ಅಂದೇ ಹುಡುಕಬೇಕು. ಮರುದಿನಕ್ಕೆ ಬಿಟ್ಟರೆ ನೆನಪು ಮೋಸ ಮಾಡುತ್ತದೆ. ಮನೆಗೆಂದು ಹಣ ತೆಗೆದರೆ ಅದನ್ನೂ ನಿನ್ನ ಹೆಸರಿಗೆ ಖರ್ಚು ಬರೆ.

ಮೊಬೈಲಿನಲ್ಲಿ ಎಲ್ಲ ದಾಖಲಾಗುತ್ತದಲ್ಲ ಎಂದು ನೀನು ಕೇಳಬಹುದು. ಬಂದ ಹಣ ದಾಖಲಾಗುತ್ತದೆ, ಯಾಕೆ ಬಂತು ಎಂಬುದಲ್ಲ. 2025ರ ಜುಲೈಯಲ್ಲಿ ಯುಪಿಐ ಜಮೆಯ ಆಧಾರದ ಮೇಲೆ ನಮ್ಮ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ನೋಟಿಸು ಬಂದದ್ದು ನೆನಪಿದೆಯೇ? ಸಾಲ ತಂದದ್ದು, ನೆಂಟರು ಕಳಿಸಿದ್ದು ಎಲ್ಲ ವಹಿವಾಟಿನಲ್ಲೇ ಸೇರಿದೆ ಎಂದು ಎಷ್ಟೋ ಜನ ಗೋಳಾಡಿದರು. ಹಾಲು, ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆದರೂ ಯಾವುದರಿಂದ ಎಷ್ಟು ಬಂತೆಂದು ತೋರಿಸಲು ಪುಸ್ತಕ ಬೇಕಲ್ಲ! ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ನೀನು ಅಲ್ಲಿಂದ ಬಹಳ ದೂರವಿದ್ದೀಯ, ಆದರೂ ವ್ಯಾಪಾರಕ್ಕೊಂದು ಬೇರೆ ಬ್ಯಾಂಕ್ ಖಾತೆಯನ್ನು ಈ ವಾರವೇ ತೆರೆ.

ಆ ದೊಡ್ಡ ಮಳಿಗೆಯವರು ಎರಡು ತಿಂಗಳಿಂದ ಬಾಕಿ ಉಳಿಸಿಕೊಂಡಿದ್ದಾರೆ ಎಂದೆಯಲ್ಲ, ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ಮಾಡುವ ‘ಉದ್ಯಮ’ ನೋಂದಣಿ ಮಾಡಿಸು. ಸಣ್ಣ ಉದ್ಯಮಗಳ 2006ರ ಕಾಯ್ದೆಯಂತೆ, ನೋಂದಣಿಯ ನಂತರ ನೀನು ಕೊಡುವ ಮಾಲಿಗೆ ಲಿಖಿತ ಒಪ್ಪಂದವಿದ್ದರೂ ಹಣ ಕೊಡಲು 45 ದಿನ ಮೀರುವಂತಿಲ್ಲ. ಮಾಲು ಕೊಟ್ಟ ದಿನಾಂಕ, ಬಿಲ್ ಸಂಖ್ಯೆ ಬರೆದಿಟ್ಟರೆ ಧೈರ್ಯವಾಗಿ ಕೇಳಬಹುದು.

ಬಸ್ ಪಾರ್ಸೆಲ್‌ನಲ್ಲಿ ಒಂದು ಕಿರ್ದಿ ಪುಸ್ತಕ ಕಳಿಸಿದ್ದೇನೆ. ಬೆಲೆ 180 ರೂಪಾಯಿ. ಅಪ್ಪ ಕೊಟ್ಟದ್ದೆಂದು ಹಾಗೇ ಬಿಡಬೇಡ. ಮೊದಲ ಸಾಲಿನಲ್ಲಿ ಅಪ್ಪನಿಂದ ಬಂದ ಬಂಡವಾಳ 180 ಎಂದು ಜಮಾ ಮಾಡು, ಎದುರಿನ ಪುಟದಲ್ಲಿ ಪುಸ್ತಕಕ್ಕೆ 180 ಎಂದು ಖರ್ಚು ಹಾಕು. ಮುಂದಿನ ಭಾನುವಾರ ಬರುತ್ತೇನೆ, ಕೂತು ತಾಳೆ ನೋಡೋಣ.

ನಿನ್ನ ಅಪ್ಪ