ಕ್ಯಾಮೆರಾ ಹಿಡಿದು ನೀರಿಗಿಳಿಯುವ ಮಗಳಿಗೊಂದು ಪತ್ರ

ಪುಟ್ಟೀ,

ನೀನು ಕಳಿಸಿದ, ಸ್ಕೂಬಾ ಡೈವಿಂಗ್ ಮಾಡಿಸುವ ಡೈವ್ ಸೆಂಟರ್‌ಗಳ ಪಟ್ಟಿ ನೋಡಿದೆ. ಎಲ್ಲರ ಫೋಟೋಗಳೂ ಚೆನ್ನಾಗಿವೆ, ಆದರೆ ಅದನ್ನು ನೋಡಿ ಮಾತ್ರ ದುಡ್ಡು ಕಟ್ಟಬೇಡ. ಮೊದಲು ಫೋನ್ ಮಾಡಿ ಕೇಳು: ಒಬ್ಬ ಗೈಡ್ ಜೊತೆ ಎಷ್ಟು ಜನ ಇಳಿಯುತ್ತಾರೆ, ಅದರಲ್ಲಿ ಕ್ಯಾಮೆರಾದವರು ಎಷ್ಟು? ನೀನು ಒಂದು ಸಣ್ಣ ಸೀಗಡಿ ಮುಂದೆ ಹತ್ತು ನಿಮಿಷ ನಿಲ್ಲುವವಳು. ದೊಡ್ಡ ಗುಂಪಾದರೆ ಒಂದೋ ಎಲ್ಲರೂ ನಿನಗಾಗಿ ಕಾಯಬೇಕು, ಇಲ್ಲವೇ ನಿನ್ನನ್ನು ಬಿಟ್ಟು ಮುಂದೆ ಹೋಗಬೇಕು. ಎರಡೂ ಬೇಡ. ಮೂರ್ನಾಲ್ಕು ಜನ, ಎಲ್ಲರೂ ಫೋಟೋದವರೇ ಆದರೆ ಒಳ್ಳೆಯದು, ಸ್ವಲ್ಪ ಜಾಸ್ತಿ ದುಡ್ಡಾದರೂ ಪರವಾಗಿಲ್ಲ.

ಇದು ಬರೀ ಫೋಟೋ ಮಾತಲ್ಲ. ಕ್ಯಾಮೆರಾದಲ್ಲಿ ಕಣ್ಣಿಟ್ಟವರಿಗೆ ಗಾಳಿ ಎಷ್ಟು ಉಳಿದಿದೆ ಅಂತ ತೋರಿಸುವ ಗೇಜ್ ನೋಡುವುದು ಮರೆತೇ ಹೋಗುತ್ತದೆ. 200 ಬಾರ್ (ಗಾಳಿಯ ಒತ್ತಡದ ಅಳತೆ) ಇದ್ದ ಟ್ಯಾಂಕ್ ಯಾವಾಗ ಅರ್ಧ ಆಯ್ತು ಅಂತ ಗೊತ್ತೇ ಆಗುವುದಿಲ್ಲ. ಮೇಲೆ ಬಂದಾಗ ಇನ್ನೂ 50 ಬಾರ್ ಉಳಿದಿರಬೇಕು, ಅದಕ್ಕೂ ಮುಂಚೆ 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲಬೇಕು. ಆಗಾಗ ಹತ್ತಿರ ಬಂದು ಕೈಸನ್ನೆಯಲ್ಲೇ ಗಾಳಿ ಎಷ್ಟಿದೆ ಅಂತ ಕೇಳುವ ಗೈಡ್ ನಿನಗೆ ಬೇಕು.

ನಿನ್ನ ಹತ್ತಿರ ಇರುವುದು ಓಪನ್ ವಾಟರ್ ಕಾರ್ಡ್ (ಡೈವಿಂಗ್ ಕಲಿತ ಮೊದಲ ಹಂತದ ಸರ್ಟಿಫಿಕೇಟ್), ಅಂದರೆ 18 ಮೀಟರ್‌ವರೆಗೆ. 'ಏನೂ ಆಗಲ್ಲ ಬನ್ನಿ, 30ಕ್ಕೆ ಕರ್ಕೊಂಡು ಹೋಗ್ತೀವಿ' ಅಂದವರನ್ನು ಅಲ್ಲೇ ಕೈಬಿಡು. ಅಷ್ಟು ಆಳದಲ್ಲಿ ನಿನಗೆ ಲಾಭವೂ ಇಲ್ಲ. ಕೆಂಪು ಬಣ್ಣ ಮೊದಲ ಕೆಲವು ಮೀಟರ್‌ಗಳಲ್ಲೇ ಮಾಯವಾಗುತ್ತದೆ, 30 ಮೀಟರ್‌ನಲ್ಲಿ ಗಾಳಿ 10 ಮೀಟರ್‌ಗಿಂತ ಎರಡು ಪಟ್ಟು ಬೇಗ ಖರ್ಚಾಗುತ್ತದೆ. ಆಳ ಕಡಿಮೆ ಇದ್ದಲ್ಲೇ ಬೆಳಕೂ ಇದೆ, ಸಮಯವೂ ಇದೆ ಅಲ್ವಾ?

ಯಾರಿಗಾದರೂ ಹೆಚ್ಚುಕಡಿಮೆ ಆದರೆ ತಕ್ಷಣ ಕೊಡಲು ಬೇಕಾದ ಆಕ್ಸಿಜನ್ ಸಿಲಿಂಡರ್ ಎಲ್ಲಿರುತ್ತದೆ ಅಂತ ಕೇಳು. ಆಫೀಸಿನಲ್ಲಿದ್ದರೆ ಸಾಲದು, ಬೋಟ್‌ನಲ್ಲೇ ಇರಬೇಕು.

ಕ್ಯಾಮೆರಾ ತೊಳೆಯುವ ಸಿಹಿನೀರಿನ ತೊಟ್ಟಿ ಬೇರೆಯೇ ಇದೆಯಾ? ಎಲ್ಲರ ವೆಟ್‌ಸೂಟ್ ಅದ್ದಿದ ನೀರಲ್ಲಿ ಮರಳು, ಸನ್‌ಸ್ಕ್ರೀನ್ ಎಲ್ಲಾ ಇರುತ್ತದೆ. ಬೋಟ್‌ನಲ್ಲಿ ಹೌಸಿಂಗ್ (ಕ್ಯಾಮೆರಾಗೆ ನೀರು ತಾಗದಂತೆ ಹಾಕುವ ಪೆಟ್ಟಿಗೆ) ತೆರೆಯಲು ಒಣಗಿದ ಜಾಗ ಇದೆಯಾ? ಅದರ ಮುಚ್ಚಳದ ಸಂದಿಯಲ್ಲಿ ನೀರು ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ಮೇಲೆ ಒಂದು ಕೂದಲೆಳೆ ಸಿಕ್ಕಿಕೊಂಡರೂ ಸಾಕು, ನೀರು ಒಳಗೆ ನುಗ್ಗುತ್ತದೆ. ಒದ್ದೆ ತಲೆ ಬಗ್ಗಿಸಿಕೊಂಡು ಮುಚ್ಚಳ ಹಾಕಬೇಡ, ಮೊದಲು ಕೂದಲು ಕಟ್ಟಿಕೋ.

ಬೋಟ್‌ನಲ್ಲೇ ಮಲಗುವ ಟ್ರಿಪ್ ಆದರೆ, ರಾತ್ರಿ ಸಿಬ್ಬಂದಿಯಲ್ಲಿ ಯಾರು ಎಚ್ಚರ ಇರುತ್ತಾರೆ ಅಂತ ಕೇಳಲೇಬೇಕು. 2019ರಲ್ಲಿ ಕ್ಯಾಲಿಫೋರ್ನಿಯಾ ಹತ್ತಿರ ಕನ್ಸೆಪ್ಷನ್ ಅನ್ನುವ ಡೈವ್ ಬೋಟ್‌ಗೆ ರಾತ್ರಿ ಬೆಂಕಿ ಹತ್ತಿ, ಕೆಳಗೆ ಮಲಗಿದ್ದ 34 ಜನ ಸತ್ತರು. ಆ ಹೊತ್ತಿಗೆ ಬೋಟ್‌ನಲ್ಲಿ ಕಾವಲಿಗೆ ಒಬ್ಬರೂ ಎದ್ದಿರಲಿಲ್ಲ. ನೀನಂತೂ ಸ್ಟ್ರೋಬ್ (ನೀರೊಳಗಿನ ಫ್ಲ್ಯಾಶ್), ಟಾರ್ಚ್, ಕ್ಯಾಮೆರಾ ಅಂತ ಬ್ಯಾಟರಿ ರಾಶಿ ಹೊತ್ತುಕೊಂಡು ಹೋಗುವವಳು. ಎಲ್ಲವನ್ನೂ ಹಗಲಲ್ಲಿ, ಕಣ್ಣೆದುರಿಗೇ ಚಾರ್ಜ್ ಮಾಡು.

ಇನ್ನೊಂದು. ಚಿತ್ರ ಸಿಗಲಿ ಅಂತ ಆಕ್ಟೋಪಸ್ಸನ್ನು ಕಡ್ಡಿಯಿಂದ ಚುಚ್ಚಿ ಹೊರಗೆಳೆಯುವ ಗೈಡ್‌ಗಳಿದ್ದಾರೆ. ನನಗದು ಸುತರಾಂ ಇಷ್ಟವಿಲ್ಲ. 'ನಿಮ್ಮ ಗೈಡ್ ಪ್ರಾಣಿಗಳನ್ನು ಮುಟ್ಟುತ್ತಾರಾ?' ಅಂತ ನೇರವಾಗಿ ಕೇಳಿಬಿಡು. ಗ್ರೀನ್ ಫಿನ್ಸ್ (ಸಮುದ್ರಕ್ಕೆ ಹಾನಿಯಾಗದಂತೆ ಡೈವ್ ಮಾಡಿಸುವವರ ಯೋಜನೆ) ಸದಸ್ಯತ್ವ ಇದ್ದವರು ಸಿಕ್ಕರೆ ಅವರನ್ನೇ ಮೊದಲು ವಿಚಾರಿಸು.

ಇಷ್ಟೆಲ್ಲ ಕೇಳಿದರೆ ಬೇಸರ ಮಾಡಿಕೊಳ್ಳುವವರೂ ಇರುತ್ತಾರೆ, ಅವರನ್ನು ಸುಮ್ನೆ ಪಟ್ಟಿಯಿಂದ ತೆಗೆದುಬಿಡು. ವಾಪಸ್ ಬರುವ ವಿಮಾನ ಕೊನೆಯ ಡೈವ್ ಆಗಿ ಕನಿಷ್ಠ 18 ಗಂಟೆ ಕಳೆದ ಮೇಲೆ ಇರಲಿ. ಟಿಕೆಟ್ ಬುಕ್ ಮಾಡುವ ಮುಂಚೆ ನನಗೊಂದು ಫೋನ್ ಮಾಡು.

ನಿನ್ನ ಅಮ್ಮ