ಮೆಲ್ಬರ್ನ್‌ಗೆ ಹೋಗಬೇಕಾದ ಸಾಮಾನನ್ನು ಯಲಹಂಕಕ್ಕೆ ಕಟ್ಟಿದ ಹಾಗೆ ಕಟ್ಟಿದ್ದೀರಿ

ಬನಶಂಕರಿ 2ನೇ ಹಂತ, ಬೆಂಗಳೂರು
21 ಜನವರಿ 2025

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ನೀವು ಪ್ಯಾಕ್ ಮಾಡಿ ಮೆಲ್ಬರ್ನ್‌ಗೆ ಕಳಿಸಬೇಕಾದ ನಮ್ಮ ಮನೆ ಸಾಮಾನಿನ 36 ಬಾಕ್ಸ್ ಮತ್ತು 1 ಮರದ ಪೆಟ್ಟಿಗೆಯನ್ನು ಶುಕ್ರವಾರ ಕಂಟೇನರ್‌ಗೆ ಏರಿಸದೆ ನಿಲ್ಲಿಸಿ, ಮತ್ತೆ ಪ್ಯಾಕ್ ಮಾಡಿಕೊಡುವ ಬಗ್ಗೆ.

ಮಾನ್ಯರೇ,

ನಿನ್ನೆ ಸೋಮವಾರ ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟಿಗೆ ಅಂತ ಬಾಣಲೆಯಲ್ಲಿ ಎಣ್ಣೆ ಕಾಯಲು ಇಟ್ಟು ಸಾಸಿವೆಗೆ ಕೈ ಚಾಚಿದೆ. ಒಗ್ಗರಣೆ ಡಬ್ಬಿಯೇ ಇರಲಿಲ್ಲ. ಒಲೆ ಪಕ್ಕದ ಆ ಕಪಾಟು ಮುಟ್ಟಬೇಡಿ, ಫೆಬ್ರವರಿ 2ರವರೆಗೂ ನಮ್ಮ ಅಡುಗೆ ಇಲ್ಲೇ ನಡೀಬೇಕು ಅಂತ ಶನಿವಾರ ಪ್ಯಾಕ್ ಮಾಡಿಸಲು ಬಂದಿದ್ದ ನಿಮ್ಮ ಸೂಪರ್‌ವೈಸರ್‌ಗೆ ಎರಡು ಸಲ ಹೇಳಿದ್ದೆ. ಕಪಾಟಿನ ಬಾಗಿಲಿಗೆ ಚೀಟಿಯನ್ನೂ ಅಂಟಿಸಿದ್ದೆ. ಚೀಟಿ ಈಗಲೂ ಹಾಗೇ ಇದೆ, ಡಬ್ಬಿ ಮಾತ್ರ ಇಲ್ಲ.

ಪಕ್ಕದ ಮನೆಯಿಂದ ಸಾಸಿವೆ ಇಸ್ಕೊಂಡು ಬಂದು ತಿಂಡಿ ಮುಗಿಸಿದೆವು. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ಡಬ್ಬಿಯಲ್ಲಿ ಜೀರಿಗೆ, ಮೆಂತ್ಯ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ ಇದ್ದವು. ಇವುಗಳಲ್ಲಿ ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ ಭಾರತದಿಂದ ಆಸ್ಟ್ರೇಲಿಯಾಗೆ ಮನೆ ಸಾಮಾನಿನ ಜೊತೆ ಹೋಗುವ ಹಾಗಿಲ್ಲ. ದವಸದಲ್ಲಿ ಬೀಳುವ ಖಾಪ್ರಾ ಅನ್ನುವ ಹುಳದ ಭಯ ಅಲ್ಲಿನವರಿಗೆ. ಹುಳ ಎಳ್ಳುಕಾಳಿನಷ್ಟೇ ಇರುತ್ತೆ. ಅದರ ಮರಿ ತಿನ್ನೋಕೆ ಏನೂ ಸಿಗದಿದ್ದರೂ ಕಂಟೇನರಿನ ಸಂದಿಯಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡು ಇರಬಲ್ಲದು. ಅದಕ್ಕೇ 2020ರಿಂದ ಅಕ್ಕಿ, ಬೇಳೆ, ಕಡಲೆ, ಇಂಥ ಮಸಾಲೆ ಬೀಜಗಳೆಲ್ಲ ಮನೆ ಸಾಮಾನಿನಲ್ಲಿ ಬರದಂತೆ ಅವರು ತಡೆದಿದ್ದಾರೆ. ಬ್ರೋಷರಿನಲ್ಲಿ ‘ಆಸ್ಟ್ರೇಲಿಯಾ ಪ್ಯಾಕಿಂಗ್ ಎಕ್ಸ್‌ಪರ್ಟ್ಸ್’ ಅಂತ ದಪ್ಪಕ್ಷರದಲ್ಲಿ ಹಾಕಿಕೊಂಡಿರುವ ನಿಮಗೆ ಇದನ್ನು ನಾನು ಹೇಳಿಕೊಡಬೇಕಾಯಿತು.

ಕೂಡಲೇ ನಿಮ್ಮ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. “ಅಲ್ಲಿ ಎಲ್ಲಾ ಬಾಕ್ಸ್ ಓಪನ್ ಮಾಡಲ್ಲ ಮೇಡಂ, ಟೆನ್ಷನ್ ತಗೋಬೇಡಿ” ಅಂದರು. ಆಸ್ಟ್ರೇಲಿಯಾದ ಗಡಿ ಅಧಿಕಾರಿಗಳಿಗೆ ಕೊಡುವ ಬಿ534 ಫಾರಂನಲ್ಲಿ ನನ್ನ ಸಾಮಾನಿನಲ್ಲಿ ಏನಿದೆ, ಏನಿಲ್ಲ ಅಂತ ಬರೆದು ಸಹಿ ಹಾಕುವವಳು ನಾನು, ನಿಮ್ಮ ಕಸ್ಟಮರ್ ಕೇರ್ ಅಲ್ಲ. ಏನಾದರೂ ಸಿಕ್ಕಿಬಿದ್ದರೆ ಪರೀಕ್ಷೆಯ ಖರ್ಚು, ಔಷಧಿ ಹೊಡೆಸುವ ಖರ್ಚು, ಕೊನೆಗೆ ಸುಟ್ಟುಹಾಕುವ ಖರ್ಚು ಎಲ್ಲಾ ಸಾಮಾನಿನವರದ್ದೇ. ಮೇಲಾಗಿ ಇದು ಹಂಚಿಕೊಂಡ ಕಂಟೇನರ್. ನನ್ನ ಹಿಡಿ ಜೀರಿಗೆಯಿಂದ ಇನ್ಯಾರದೋ ಮಗುವಿನ ತೊಟ್ಟಿಲೂ ಬಂದರಲ್ಲಿ ಕೂರಬೇಕಾಗಬಹುದು.

ಫೋನಿನಲ್ಲಿ ಕೆಲಸ ಆಗಲ್ಲ ಅಂತ ನಾನೇ ನಿಮ್ಮ ಗೋಡೌನ್‌ಗೆ ಹೊರಟೆ. ಬನಶಂಕರಿಯಿಂದ ಮೆಜೆಸ್ಟಿಕ್, ಅಲ್ಲಿಂದ ಕಾಡುಗೋಡಿ, ಮೆಟ್ರೋ ಇಳಿದ ಮೇಲೆ ಹೊಸಕೋಟೆ ಕಡೆಗೆ ಆಟೋ. ಎರಡು ಗಂಟೆಯ ಮೇಲೇ ಹಿಡಿಯಿತು. ಗೋಡೌನಿನವರು ಒಳ್ಳೆಯವರು, ಕುರ್ಚಿ ಕೊಟ್ಟು ಟೀ ತರಿಸಿದರು. ಮೂರು ಬಾಕ್ಸ್ ಬಿಚ್ಚಲು ಒಪ್ಪಿದರು. ಈ ಪತ್ರ ಉದ್ದವಾಗುತ್ತಿರುವುದು ಆ ಮೂರು ಬಾಕ್ಸ್‌ಗಳಿಂದಲೇ.

ಒಗ್ಗರಣೆ ಡಬ್ಬಿ 22ನೇ ಬಾಕ್ಸ್‌ನಲ್ಲಿ, ಕುಕ್ಕರ್ ಒಳಗೆ ಸಿಕ್ಕಿತು. ಮುಚ್ಚಳ ಸಡಿಲವಾಗಿ ಮೆಂತ್ಯ ಚೆಲ್ಲಿ, ಕುಕ್ಕರಿನ ಗ್ಯಾಸ್ಕೆಟ್ ಸಂದಿಗೆಲ್ಲ ಸೇರಿಕೊಂಡಿತ್ತು. ಬಾಕ್ಸ್ ಮೇಲೆ ‘ಕಿಚನ್ ಮಿಕ್ಸ್’ ಅಂತ ಬರೆದಿದೆ.

14ನೇದರ ಮೇಲೆ ‘ಟಾಯ್ಸ್’ ಅಂತ ಇತ್ತು. ತೆಗೆದರೆ ಮೊದಲು ಬಂದದ್ದು ಹುಲ್ಲು, ಭತ್ತದ ಹುಲ್ಲು. ಒಂದೆರಡು ಕಡ್ಡಿಗಳ ತುದಿಯಲ್ಲಿ ಕಾಳು ಇನ್ನೂ ಉಳಿದಿತ್ತು. ಅದರ ಕೆಳಗೆ ಹಳೇ ಸೇಬಿನ ರಟ್ಟಿನ ಪೆಟ್ಟಿಗೆ. ಒಣಹುಲ್ಲು, ಹಣ್ಣು ತುಂಬಿದ್ದ ಹಳೇ ಪೆಟ್ಟಿಗೆ ಎರಡನ್ನೂ ಆಸ್ಟ್ರೇಲಿಯಾದವರು ಒಳಗೆ ಬಿಡುವುದಿಲ್ಲ. ಆ ಪೆಟ್ಟಿಗೆಯಲ್ಲಿ ಹುಲ್ಲಿನ ಮಧ್ಯೆ ನಮ್ಮಜ್ಜಿಯ ಪಟ್ಟದ ಗೊಂಬೆಗಳು ಮಲಗಿದ್ದವು. ಅಜ್ಜಿಯ ಮದುವೆಯಲ್ಲಿ ತವರಿನವರು ಕೊಟ್ಟ ರಾಜ, ರಾಣಿ. ಪ್ರತಿ ನವರಾತ್ರಿಗೆ ಹೊಸ ಬಟ್ಟೆ ಉಡಿಸಿ ಮೇಲಿನ ಮೆಟ್ಟಿಲಲ್ಲಿ ಕೂರಿಸುವುದು ಇವರನ್ನೇ. ರಕ್ತಚಂದನದವು. ರಕ್ತಚಂದನವನ್ನು ದೇಶದಿಂದ ಆಚೆ ಕಳಿಸುವುದಕ್ಕೆ ನಿಷೇಧ ಇದೆ ಅಂತ ತಿಳಿದೇ, ಮನಸ್ಸಿಗೆ ಕಷ್ಟವಾದರೂ ಇವನ್ನು ಮೈಸೂರಿನಲ್ಲಿ ಅತ್ತೆಯ ಹತ್ತಿರ ಬಿಟ್ಟು ಹೋಗೋದು ಅಂತ ತೀರ್ಮಾನ ಮಾಡಿದ್ದೆವು. ಅಟ್ಟದ ಟ್ರಂಕಿನಲ್ಲಿ ಬೇರೆಯಾಗಿ ಇಟ್ಟಿದ್ದೆ. ಮಣ್ಣಿನ ಗೊಂಬೆಗಳ ಬುಟ್ಟಿ ಇಳಿಸಿದವರು ಟ್ರಂಕನ್ನೂ ಖಾಲಿ ಮಾಡಿ, ಮುಚ್ಚಿ, ಅಲ್ಲೇ ಬಿಟ್ಟಿದ್ದಾರೆ. ಟ್ರಂಕ್ ಕಣ್ಣಿಗೆ ಕಾಣುತ್ತಿದ್ದರಿಂದ ನನಗೆ ಅನುಮಾನವೇ ಬಂದಿರಲಿಲ್ಲ.

ರಾಣಿಯ ಮೂಗಿನ ಮೇಲಿನ ಬಣ್ಣ ಕಿತ್ತುಬಂದಿದೆ. ಬೆಲೆ ಕಟ್ಟಿ ಕೇಳುವಂಥದ್ದಲ್ಲ ಅದು, ಬಿಡಿ. ಆದರೆ ವೈಟ್‌ಫೀಲ್ಡ್ ಕಂಟೇನರ್ ಡಿಪೋದಲ್ಲಿ ಕಸ್ಟಮ್ಸ್‌ನವರು ಅದೇ ಬಾಕ್ಸ್ ತೆರೆದಿದ್ದರೆ? ‘ಟಾಯ್ಸ್’ ಅಂತ ಬರೆದು ರಕ್ತಚಂದನ ಸಾಗಿಸಿದವಳು ಅನ್ನಿಸಿಕೊಂಡು, ವಿಮಾನ ಹತ್ತುವ ಬದಲು ನಾನು ವಕೀಲರನ್ನು ಹುಡುಕಬೇಕಿತ್ತು ಅಲ್ವಾ? ಡಬ್ಬಿಯನ್ನೂ ಗೊಂಬೆಗಳನ್ನೂ ಗೋಡೌನಿನವರಿಂದ ಸಹಿ ಮಾಡಿಸಿಕೊಂಡು ವಾಪಸ್ ತಂದಿದ್ದೇನೆ. ಮೆಟ್ರೋದಲ್ಲಿ ರಾಜ ರಾಣಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಬಂದೆ.

ಮೂರನೇ ಬಾಕ್ಸ್‌ನಲ್ಲಿ ಬರೀ ಪುಸ್ತಕ. ಪುಸ್ತಕಕ್ಕೇನೂ ಆಗಿಲ್ಲ. ಬಿಲ್ಲಿನಲ್ಲಿ ಹಾಕಿರುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಮಾತ್ರ ಇದರಲ್ಲೂ ಇಲ್ಲ, ಉಳಿದೆರಡರಲ್ಲೂ ಇಲ್ಲ.

ಇನ್ನು ಅಮ್ಮನ ಹೊಲಿಗೆ ಮಷೀನಿನ ಮರದ ಪೆಟ್ಟಿಗೆ. ಹೊರದೇಶಕ್ಕೆ ಹೋಗುವ ಪ್ಯಾಕಿಂಗ್ ಮರವನ್ನು ಕಾಯಿಸಿರಬೇಕು, ಇಲ್ಲವೇ ಅದಕ್ಕೆ ಔಷಧಿಯ ಹೊಗೆ ಕೊಟ್ಟಿರಬೇಕು. ಕಾಯಿಸುವುದಾದರೆ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಇರಬೇಕು ಅನ್ನುವುದು ಐಎಸ್‌ಪಿಎಂ 15 ಅನ್ನುವ ಅಂತರರಾಷ್ಟ್ರೀಯ ನಿಯಮ. ಹಾಗೆ ಮಾಡಿದ ಮರಕ್ಕೆ ತೆನೆ ಗುರುತಿನ ಮುದ್ರೆ ಒತ್ತಿರುತ್ತಾರೆ. ನಮ್ಮ ಪೆಟ್ಟಿಗೆಯನ್ನು ಆರು ಮಗ್ಗುಲೂ ತಿರುಗಿಸಿ ನೋಡಿದೆವು, ಮುದ್ರೆ ಇಲ್ಲ. ಒಂದು ಹಲಗೆಯ ಅಂಚಿನಲ್ಲಿ ತೊಗಟೆ ಹಾಗೇ ಇದೆ. ಅದರ ಪಕ್ಕ ಸೂಜಿಮೊನೆಯಂಥ ನಾಲ್ಕು ತೂತು. ಬೆರಳಿಂದ ತಟ್ಟಿದರೆ ಗೋಧಿ ಹಿಟ್ಟಿನಂಥ ಪುಡಿ ಉದುರಿತು. ಫೋಟೋ ತೆಗೆದಿದ್ದೇನೆ, ಈ ಪತ್ರದ ಜೊತೆ ಇದೆ.

ನನ್ನ ದೂರು ಶನಿವಾರ ಬಂದ ನಾಲ್ಕು ಹುಡುಗರ ಮೇಲಲ್ಲ. ರಾತ್ರಿಯೆಲ್ಲ ಇನ್ನೊಂದು ಲೋಡ್ ಇಳಿಸಿ ಬೆಳಿಗ್ಗೆ 7ಕ್ಕೆ ನಮ್ಮ ಮನೆಗೆ ಬಂದಿದ್ದರು. ಒಬ್ಬ ಕಾಫಿ ಲೋಟ ಹಿಡಿದುಕೊಂಡೇ ತೂಕಡಿಸುತ್ತಿದ್ದ. ನೀವು ಕೊಟ್ಟು ಕಳಿಸಿದ್ದ ಎರಡು ರೋಲ್ ಬಬಲ್ ರ‍್ಯಾಪ್ ಮಧ್ಯಾಹ್ನಕ್ಕೇ ಮುಗಿಯಿತು. ಸೂಪರ್‌ವೈಸರ್ ಗಾಡಿ ತೆಗೆದುಕೊಂಡು ಹೋಗಿ ಏನೋ ತಂದರು. ಅದು ಮಡಕೆ ಅಂಗಡಿಯ ಹುಲ್ಲು, ಹಣ್ಣಿನಂಗಡಿಯ ರಟ್ಟು ಅಂತ ಈಗ ಗೊತ್ತಾಗುತ್ತಿದೆ. ಬನಶಂಕರಿಯಿಂದ ಯಲಹಂಕಕ್ಕೆ ಮನೆ ಬದಲಾಯಿಸಲು ಇಷ್ಟು ಸಾಕು. ನೀವು ನನ್ನಿಂದ ದುಡ್ಡು ತೆಗೆದುಕೊಂಡದ್ದು ಸಮುದ್ರ ದಾಟಿಸಲಿಕ್ಕೆ.

ನನ್ನ ತಪ್ಪೂ ಒಂದಿದೆ. ಸಂಜೆ 7 ಗಂಟೆಗೆ, ಮಗಳು ಹಸಿವು ಅಂತ ಅಳುತ್ತಿರುವಾಗ, ಪ್ಯಾಕಿಂಗ್ ಲಿಸ್ಟ್ ಓದದೇ ಸಹಿ ಹಾಕಿದೆ. ಈಗ ಓದಿದರೆ 9 ಬಾಕ್ಸ್‌ಗಳ ಮುಂದೆ ‘ಪಿ.ಬಿ.ಓ.’ ಅಂತ ಇದೆ. ಅಂದರೆ ಮನೆಯವರೇ ಪ್ಯಾಕ್ ಮಾಡಿದ್ದು ಅಂತ. ಹಾಗೆ ಬರೆದ ಬಾಕ್ಸ್‌ನಲ್ಲಿ ಗಾಜು, ಪಿಂಗಾಣಿ ಒಡೆದರೆ ಇನ್ಶೂರೆನ್ಸ್‌ನವರು ಸಾಮಾನ್ಯವಾಗಿ ಕೈ ಎತ್ತಿಬಿಡುತ್ತಾರೆ. ನಾವು ಒಂದೇ ಒಂದು ಬಾಕ್ಸನ್ನೂ ಪ್ಯಾಕ್ ಮಾಡಿಲ್ಲ. ಟೇಪ್ ಕೂಡ ಮುಟ್ಟಿಲ್ಲ. ಆ 9ರಲ್ಲೇ ನಮ್ಮ ಪಿಂಗಾಣಿ ಸೆಟ್ಟೂ ಬಂದಿರುವುದು ಕಾಕತಾಳೀಯ ಅಂತ ನನಗೆ ಅನ್ನಿಸುತ್ತಿಲ್ಲ.

ಕೊನೆಯದು ಅಳತೆ. ಸರ್ವೇಗೆ ಬಂದವರು ಮರದ ಪೆಟ್ಟಿಗೆ ಬಿಟ್ಟು 4.5 ಘನ ಮೀಟರ್ ಆಗುತ್ತೆ ಅಂದಿದ್ದರು. ಬಿಲ್ 5.85 ಘನ ಮೀಟರ್‌ಗೆ ಬಂದಿದೆ. ಗೋಡೌನಿನಲ್ಲಿ ನನ್ನ ಹೊಲಿಗೆ ಟೇಪ್ ಹಿಡಿದು ಅಳೆದೆ. 36 ಬಾಕ್ಸೂ ಒಂದೇ ಅಳತೆಯವು, 60, 45, 45 ಸೆಂಟಿಮೀಟರ್. ನಿಮ್ಮ ಶೀಟಿನಲ್ಲಿ 65, 50, 50 ಅಂತಿದೆ. ಮೂರು ಕಡೆಗೂ ಐದೈದು ಸೆಂಟಿಮೀಟರ್ ಬೆಳೆದಿವೆ. ಕೇಳೋಕೆ ಸಣ್ಣದು. ಲೆಕ್ಕ ಹಾಕಿದರೆ ನಿಜವಾದ ಗಾತ್ರ 4.37 ಘನ ಮೀಟರ್, ನೀವು ಬರೆದದ್ದಕ್ಕಿಂತ ಸುಮಾರು ಒಂದೂವರೆ ಘನ ಮೀಟರ್ ಕಡಿಮೆ. ತುಂಬಿದ ಮೇಲೆ ಬಾಕ್ಸ್ ಸ್ವಲ್ಪ ಉಬ್ಬುತ್ತೆ, ಒಪ್ಪುತ್ತೇನೆ. ಐದು ಸೆಂಟಿಮೀಟರ್ ಉಬ್ಬಿದರೆ ಅದು ಬಾಕ್ಸ್ ಅಲ್ಲ, ಪೂರಿ.

ಈಗ ನೀವು ಮಾಡಬೇಕಾದದ್ದು. ಶುಕ್ರವಾರದ ಕಂಟೇನರ್‌ಗೆ ನಮ್ಮ ಸಾಮಾನು ಹಾಕಬೇಡಿ. ಚೆನ್ನೈ ಬಂದರಿನಿಂದ ಹಡಗು ಒಂದು ವಾರ ತಡವಾಗಿ ಹೊರಟರೂ ನನಗೆ ತೊಂದರೆ ಇಲ್ಲ. ಉಳಿದ 33 ಬಾಕ್ಸ್‌ಗಳನ್ನೂ ನನ್ನ ಮುಂದೆ ತೆರೆಯಬೇಕು. ಹುಲ್ಲು, ಹಳೇ ರಟ್ಟು ಎಲ್ಲಾ ತೆಗೆದು ಹೊಸ ಐದು ಪದರದ ಬಾಕ್ಸ್‌ನಲ್ಲಿ ಕಟ್ಟಬೇಕು. 22ನೇ ಬಾಕ್ಸ್‌ನ ಪಾತ್ರೆಗಳನ್ನು ಒಂದೊಂದಾಗಿ ಒರೆಸಬೇಕು, ಗ್ಯಾಸ್ಕೆಟ್ ಸಮೇತ. ಹೊಲಿಗೆ ಮಷೀನಿಗೆ ಮುದ್ರೆ ಇರುವ ಮರದ ಪೆಟ್ಟಿಗೆ ಬೇಕು. ಲಿಸ್ಟಿನಲ್ಲಿ ‘ಮಿಕ್ಸ್’ ಅನ್ನುವ ಪದ ಬೇಡ. ಸ್ಟೀಲ್ ಕುಕ್ಕರ್ 1, ಹಿತ್ತಾಳೆ ದೀಪ 2 ಅಂತ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಪಿ.ಬಿ.ಓ. ಹೊಡೆದುಹಾಕಿ ಇನ್ಶೂರೆನ್ಸ್‌ನವರಿಗೆ ತಿದ್ದಿದ ಪ್ರತಿ ಕಳಿಸಿ, ನನಗೂ ಒಂದು ಕೊಡಿ. ಬಿಲ್ ಸರಿಯಾದ ಅಳತೆಗೆ ಇಳಿಯಬೇಕು. ಇದ್ಯಾವುದಕ್ಕೂ ಹೆಚ್ಚಿನ ದುಡ್ಡು ಕೊಡುವುದಿಲ್ಲ.

ನಾಳೆ ಬುಧವಾರ ಸಂಜೆಯೊಳಗೆ ಬರವಣಿಗೆಯಲ್ಲಿ ಉತ್ತರ ಬರದಿದ್ದರೆ 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಡುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ನಾನು ಕೊಟ್ಟಿರುವ ಹಣ 5 ಲಕ್ಷದ ಒಳಗಿನದು, ಅಲ್ಲಿ ಅದಕ್ಕೆ ಶುಲ್ಕವೂ ಇಲ್ಲ. ನಾನು ಮೆಲ್ಬರ್ನ್‌ನಲ್ಲಿದ್ದರೂ ನಮ್ಮಣ್ಣ ಇಲ್ಲೇ ತ್ಯಾಗರಾಜನಗರದಲ್ಲಿ ಇರುತ್ತಾನೆ. ಅವನಿಗೆ ಈಗ ರಿಟೈರ್ ಆಗಿದೆ, ಪುರುಸೊತ್ತೂ ಜಾಸ್ತಿ.

ಗುರುವಾರ ಬೆಳಿಗ್ಗೆ 10ಕ್ಕೆ ಗೋಡೌನ್‌ಗೆ ಬರುತ್ತೇನೆ. ಆ ನಾಲ್ಕು ಹುಡುಗರನ್ನೇ ಕಳಿಸಿ, ಆದರೆ ಹಿಂದಿನ ರಾತ್ರಿ ನಿದ್ದೆ ಮಾಡಲು ಬಿಡಿ. ಬಬಲ್ ರ‍್ಯಾಪ್ ಸಾಕಷ್ಟು ಇರಲಿ. ಅಳತೆಗೆ ಟೇಪ್ ತರಿಸಬೇಡಿ, ನನ್ನದೇ ತರುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ

ಜೊತೆಗೆ: ಬಿಲ್ ಮತ್ತು ಪ್ಯಾಕಿಂಗ್ ಲಿಸ್ಟ್‌ನ ಪ್ರತಿ, 14 ಮತ್ತು 22ನೇ ಬಾಕ್ಸ್ ಹಾಗೂ ಮರದ ಪೆಟ್ಟಿಗೆಯ ಫೋಟೋಗಳು, ವಾಪಸ್ ತಂದ ವಸ್ತುಗಳಿಗೆ ಗೋಡೌನಿನವರು ಸಹಿ ಹಾಕಿಕೊಟ್ಟ ಚೀಟಿ.